ಮಿಠಾಯಿವಾಲಾ ಮತ್ತು ಒಂದು ರಜಾ ಅರ್ಜಿ

ಕಳೆದ ಬೇಸಿಗೆ ರಜೆಯಲ್ಲಿ ಮಗ, ಸೊಸೆ ಮತ್ತು ಮೊಮ್ಮಗಳು ಹತ್ತು ದಿನಗಳ ಮಟ್ಟಿಗೆ ಮಳವಳ್ಳಿಯ ಮನೆಗೆ ಬಂದಿದ್ದರು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡುವಂತಿರಲಿಲ್ಲ. ಮೊಮ್ಮಗಳು ತನ್ನ ತಂದೆಯ ಮೊಬೈಲಿನಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಹುಡುಕಿ ತೆಗೆದು, ಒಂದಾದ ಮೇಲೊಂದು ಕಂತು ನೋಡತೊಡಗಿದಳು. ಬರಿದೇ ನೋಡಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ. ಕೈಯಲ್ಲೊಂದು ಪೆನ್ಸಿಲು, ಮಡಿಲಲ್ಲೊಂದು ಹಳೆಯ ನೋಟ್‌ಬುಕ್ಕು ಹಿಡಿದು, ಅದರಲ್ಲಿರುವ ತಪ್ಪುಗಳನ್ನು ಪಟ್ಟಿ ಮಾಡುತ್ತಿದ್ದಳು! ಮೂವತ್ತೈದು ವರ್ಷ ನಿಮ್ಮೆಲ್ಲರ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಹರಿಸಿದವನ ಮೊಮ್ಮಗಳಲ್ಲವೇ?

ಅವಳ ಪಟ್ಟಿಯ ಮೊದಲ ಪ್ರಶ್ನೆ: “ತಾತ, ಇದನ್ನ ಆಗುಂಬೇಲಿ ತೆಗೆದಿದ್ದು ಅಂತೀರ. ಆಗುಂಬೆಗೆ ರೈಲೇ ಇಲ್ವಲ್ಲ, ಇವರಿಗೆ ಸ್ಟೇಷನ್ ಎಲ್ಲಿಂದ ಬಂತು?” ಎರಡನೆಯದು: “ಮಾಲ್ಗುಡಿ ಬಯಲುಸೀಮೆ ಪಟ್ಟಣದ ಥರ ಇರಬೇಕು. ಮನೆಗಳೆಲ್ಲ ಮಲೆನಾಡಿನ ಹೆಂಚಿನ ಮನೆಗಳು ಯಾಕೆ?” ಮೂರನೆಯದು: “ದಕ್ಷಿಣದ ಮಿಠಾಯಿ ಅಂಗಡಿಯವನು ಮನೆಯಲ್ಲೂ ಹಿಂದೀಲಿ ಮಾತಾಡ್ತಾನಾ?”

ಮೂರೂ ನ್ಯಾಯವಾದ ಪ್ರಶ್ನೆಗಳೇ. ನನಗೆ ತಿಳಿದಷ್ಟನ್ನು ಹೇಳಿದೆ. ಶಂಕರ್‌ನಾಗ್ ಅವರು 1980ರ ದಶಕದ ನಡುವಿನಲ್ಲಿ ಆಗುಂಬೆಯನ್ನು ಮಾಲ್ಗುಡಿಯಾಗಿ ಆರಿಸಿಕೊಂಡಾಗ ಅಲ್ಲಿ ಹಳೆಯ ಬೀದಿ, ಹಳೆಯ ಮನೆ, ದೊಡ್ಡಮನೆಯ ತೊಟ್ಟಿ ಎಲ್ಲವೂ ಇದ್ದವು. ಇಲ್ಲದಿದ್ದುದು ರೈಲು ಮಾತ್ರ. ಆದುದರಿಂದ ರೈಲು ನಿಲ್ದಾಣದ ದೃಶ್ಯಗಳನ್ನು ಶಿವಮೊಗ್ಗ–ಸಾಗರ ಮಾರ್ಗದ ಅರಸಾಳಿನಲ್ಲಿ ತೆಗೆದರು. ಆ ಹಳೆಯ ನಿಲ್ದಾಣದ ಕಟ್ಟಡವನ್ನು 2020ರಲ್ಲಿ ‘ಮಾಲ್ಗುಡಿ ವಸ್ತುಸಂಗ್ರಹಾಲಯ’ವನ್ನಾಗಿ ಮಾಡಿದ್ದಾರೆ. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದಕ್ಕೂ ಕೈಹಚ್ಚಿದರು. ಆಗುಂಬೆಯ ಬೀದಿಯಲ್ಲಿ ನಿಲ್ಲಿಸಿದ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯೂ ಅವರ ಕೈಕೆಲಸವೇ. ನಮ್ಮ ಮಂಡ್ಯದ ಕಡೆ ಬೀಳುವ ಮಳೆಯ ಸುಮಾರು ಹತ್ತು ಪಟ್ಟು ಮಳೆ ಬೀಳುವ ಊರಿನಲ್ಲಿ, ಬಿಸಿಲು ಕಾಯುವ ಮಾಲ್ಗುಡಿಯನ್ನು ಕಟ್ಟಿದರೆಂಬುದೇ ಒಂದು ವಿನೋದ.

ಭಾಷೆಯ ಪ್ರಶ್ನೆಗೆ ಮಾತ್ರ ಸಮಾಧಾನ ಹೇಳುವುದು ಕಷ್ಟವಾಯಿತು. ದೆಹಲಿಯ ದೂರದರ್ಶನಕ್ಕಾಗಿ ಮಾಡಿದ್ದು, ಹಾಗಾಗಿ ಹಿಂದಿ. ನಮ್ಮವರ ಮಾತನ್ನು ನಮ್ಮವರ ಬಾಯಲ್ಲೇ ಕೇಳಬೇಕಾದರೆ 2015ರ ‘ತಿಥಿ’ ಚಿತ್ರವನ್ನು ನೋಡಬೇಕು. ಅದನ್ನು ತೆಗೆದದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ಆದರೂ ಆ ಕಾಲದಲ್ಲಿ ಹಿಂದಿ ಅಷ್ಟಾಗಿ ಬಾರದ ನಮ್ಮ ಬೀದಿಯ ಹೆಂಗಸರೂ ಮಾಲ್ಗುಡಿಯನ್ನು ಅರ್ಥ ಮಾಡಿಕೊಂಡು ನಗುತ್ತಿದ್ದರು. ಎಲ್. ವೈದ್ಯನಾಥನ್ ಅವರ ಆರಂಭದ ರಾಗ ಕೇಳಿದೊಡನೆ ಮಕ್ಕಳು ಆಟ ಬಿಟ್ಟು ಓಡಿ ಬರುತ್ತಿದ್ದರು.

ನಾಲ್ಕನೆಯ ಆಕ್ಷೇಪಣೆ ‘ಮಿಠಾಯಿವಾಲಾ’ ಕಂತುಗಳಿಗೆ ಸಂಬಂಧಿಸಿದ್ದು. “ಈ ತಾತನ ಮುಖ ನೋಡಿದ್ರೆ ಅಷ್ಟು ವಯಸ್ಸಾದ ಹಾಗೆ ಕಾಣಲ್ಲ” ಎಂದಳು. ಸರಿಯಾಗಿಯೇ ಗುರುತಿಸಿದ್ದಳು. ಮಿಠಾಯಿ ಮಾರುವ ಜಗನ್ನನ ಪಾತ್ರ ಮಾಡಿದ ಅನಂತನಾಗ್ ಹುಟ್ಟಿದ್ದು 1948ರಲ್ಲಿ. ಕಾಲೇಜಿಗೆ ಹೋಗುವ ಮಗನಿರುವ, ಐವತ್ತು ದಾಟಿದ ವಿಧುರನಾಗಿ ನಟಿಸಿದಾಗ ಅವರಿಗೆ ನಲವತ್ತು ಕೂಡ ತುಂಬಿರಲಿಲ್ಲ. ಅವರನ್ನು ಮುದುಕನನ್ನಾಗಿಸಿ ನಿರ್ದೇಶಿಸಿದವರು ಅವರ ಸ್ವಂತ ತಮ್ಮ. ಕಥೆ ಬರೆದ ಆರ್. ಕೆ. ನಾರಾಯಣ್ ಅವರಿಗೂ ಹಾಗೆಯೇ: ಧಾರಾವಾಹಿಯಲ್ಲಿ ಕಾಣುವ ರೇಖಾಚಿತ್ರಗಳನ್ನು ಬರೆದವರು ಅವರ ತಮ್ಮ ಆರ್. ಕೆ. ಲಕ್ಷ್ಮಣ್. ಇಬ್ಬರು ಅಣ್ಣಂದಿರು, ಇಬ್ಬರು ತಮ್ಮಂದಿರು ಸೇರಿ ಕಟ್ಟಿದ ಊರು ಅದು. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರಿಗೆ ಆಗಿನ್ನೂ ಮೂವತ್ತೈದು.

ಮೊಮ್ಮಗಳಿಗೆ ಹೇಳದೆ ಉಳಿಸಿಕೊಂಡ ಇನ್ನೊಂದು ವಿಷಯವಿತ್ತು. ಅದನ್ನು ಇಲ್ಲಿ ಬರೆಯುತ್ತೇನೆ. ಜಗನ್ ಎಂಬ ವಿಧುರನನ್ನು ನಾರಾಯಣ್ ಬರಿಯ ಕಲ್ಪನೆಯಿಂದ ತಂದವರಲ್ಲ. 1939ರಲ್ಲಿ ಅವರ ಪತ್ನಿ ರಾಜಂ ವಿಷಮಶೀತಜ್ವರದಿಂದ ತೀರಿಕೊಂಡರು. ನಾರಾಯಣ್ ಮತ್ತೆ ಮದುವೆಯಾಗಲಿಲ್ಲ. ಮೈಸೂರಿನ ಮನೆಯಲ್ಲಿ ಎಳೆಯ ಮಗಳು ಹೇಮಾಳನ್ನು ಬೆಳೆಸಿದರು. ಆ ದುಃಖವನ್ನೇ 1945ರ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯಲ್ಲಿ ಬರೆದರು. ‘ದಿ ವೆಂಡರ್ ಆಫ್ ಸ್ವೀಟ್ಸ್’ ಬಂದದ್ದು 1967ರಲ್ಲಿ. ನಮ್ಮ ಮದ್ದೂರಿನ ಪಕ್ಕದ ಚನ್ನಪಟ್ಟಣದಲ್ಲಿ ಅವರು ಕೆಲವೇ ದಿನ ಮೇಷ್ಟರಾಗಿದ್ದು, ಆ ಕೆಲಸ ಒಗ್ಗದೆ ಬಿಟ್ಟು ಹೋದರೆಂಬುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಬಿಟ್ಟದ್ದು ಒಳ್ಳೆಯದಾಯಿತು. ಅವರು ಬಿಟ್ಟ ವೃತ್ತಿಯನ್ನು ನನ್ನಂಥವರು ಹಿಡಿದುಕೊಂಡೆವು.

ಕಾದಂಬರಿಯ ಜಗನ್ನನನ್ನು ಓದಿದವರು ಬಲ್ಲರು. ಅಂಗಡಿಯಲ್ಲಿ ಕುಳಿತು ಭಗವದ್ಗೀತೆ ಓದುತ್ತಾನೆ. ಸಂಜೆ ಆರರ ನಂತರದ ವ್ಯಾಪಾರದ ಹಣವನ್ನು ಲೆಕ್ಕಕ್ಕೆ ಸೇರಿಸದೆ ಬೇರೆ ಇಡುತ್ತಾನೆ. ತಾನು ಸಕ್ಕರೆ ಬಿಟ್ಟು, ಊರಿಗೆಲ್ಲ ಸಿಹಿ ಮಾರುತ್ತಾನೆ. ಇವೆಲ್ಲ ನಗಿಸುವ ಸಂಗತಿಗಳು. ನಗುತ್ತ ನಗುತ್ತ ಎದೆಗೆ ನಾಟುವುದು ಬೇರೊಂದು. ಆತ ತನ್ನ ಮಗ ಮಾಲಿಯೊಡನೆ ನೇರವಾಗಿ ಮಾತನಾಡಲಾರ. ‘ಕಸಿನ್’ ಎಂದು ಊರಿಗೆಲ್ಲ ಪರಿಚಿತನಾದ ಒಬ್ಬ ಮನುಷ್ಯ ದಿನವೂ ಅಂಗಡಿಗೆ ಬಂದು, ಪುಕ್ಕಟೆಯಾಗಿ ಸಿಹಿಯ ರುಚಿ ನೋಡಿ, ಮಗನ ಸುದ್ದಿಯನ್ನು ತಂದೆಗೂ ತಂದೆಯ ಮಾತನ್ನು ಮಗನಿಗೂ ತಲುಪಿಸುತ್ತಾನೆ. ಮಗ ಕಾಲೇಜು ಬಿಟ್ಟದ್ದು, ಅಮೆರಿಕಕ್ಕೆ ಹೊರಟದ್ದು, ಅದಕ್ಕೆ ತಂದೆ ಬಚ್ಚಿಟ್ಟ ಹಣವನ್ನೇ ತೆಗೆದುಕೊಂಡದ್ದು, ಎಲ್ಲದರ ನಡುವೆಯೂ ಕಸಿನ್ ಇದ್ದೇ ಇರುತ್ತಾನೆ. ಕೊನೆಯಲ್ಲಿ ಜಗನ್ ತನ್ನ ಮದುವೆಯ ದಿನಗಳನ್ನು, ಹೆಂಡತಿಯನ್ನು ನೆನೆದುಕೊಳ್ಳುತ್ತಾನೆ. ಆ ನೆನಪುಗಳು ಓದುಗನಿಗೆ ತಿಳಿಯುತ್ತವೆ, ಮಗನಿಗೆ ತಿಳಿಯುವುದಿಲ್ಲ.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. ಬಂಧುಗಳಿಗೆ ಗೊತ್ತಿರುವ ವಿಷಯವೇ. ನಾನು ಮದ್ದೂರಿನಲ್ಲಿ ಮೇಷ್ಟರಾಗಿದ್ದಾಗ, 1980ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಮಗನಿಗೆ ಎಂಟು ವರ್ಷ. ಮಳವಳ್ಳಿಯಿಂದ ನನ್ನ ಅಕ್ಕ ಬಂದು ನಮ್ಮ ಜೊತೆ ನಿಂತಳು. ಅಡುಗೆ, ಬಟ್ಟೆ, ಜ್ವರ, ಜಡ್ಡು ಎಲ್ಲವನ್ನೂ ಆಕೆ ನೋಡಿಕೊಂಡಳು. ಅದರ ಜೊತೆಗೆ ನಮ್ಮಿಬ್ಬರ ನಡುವಿನ ‘ಕಸಿನ್’ ಕೂಡ ಆದಳು. “ಅಕ್ಕ, ಅವನಿಗೆ ಹೇಳು, ನಾಳೆ ಕ್ಷೌರಕ್ಕೆ ಹೋಗಬೇಕು” ಎಂದು ಅವನ ಎದುರಿಗೇ ಹೇಳುತ್ತಿದ್ದೆ. “ಅತ್ತೆ, ಅಪ್ಪಂಗೆ ಹೇಳಿ, ನನಗೆ ಜಾಮಿಟ್ರಿ ಬಾಕ್ಸ್ ಬೇಕು” ಎಂದು ಅವನು ನನ್ನ ಪಕ್ಕದಲ್ಲಿ ನಿಂತೇ ಹೇಳುತ್ತಿದ್ದ. ಮಾತಿಗೆ ಬದಲಾಗಿ ನಾನು ಶನಿವಾರ ಶನಿವಾರ ಮದ್ದೂರು ವಡೆ ಕಟ್ಟಿಸಿಕೊಂಡು ಬರುತ್ತಿದ್ದೆ. ತಿನ್ನುವಾಗ ಯಾರೂ ಮಾತಾಡಬೇಕಿಲ್ಲವಲ್ಲ!

ಮುಂದೆ ಮಂಡ್ಯಕ್ಕೆ ವರ್ಗವಾಯಿತು. ಮಗ ನನ್ನ ಶಾಲೆಗೇ, ನನ್ನ ತರಗತಿಗೇ ಬಂದ. ಅಲ್ಲಿ ಅವನಿಗೆ ನಾನು ‘ಸಾರ್’. ಎಷ್ಟೋ ಸಲ ಮನೆಯಲ್ಲೂ ಬಾಯಿತಪ್ಪಿ ‘ಸಾರ್’ ಎನ್ನುತ್ತಿದ್ದ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಪಕ್ಕದ ಮನೆಯವರ ಟಿ.ವಿ.ಯಲ್ಲಿ ನಾವು ‘ಮಿಠಾಯಿವಾಲಾ’ ನೋಡಿದ್ದು ಆ ದಿನಗಳಲ್ಲೇ. ಜಗನ್ನನ ಪೇಚಾಟಕ್ಕೆ ಎಲ್ಲರೂ ನಕ್ಕರು, ನಾವಿಬ್ಬರೂ ನಕ್ಕೆವು. ಮನೆಗೆ ಬರುವಾಗ ದಾರಿಯುದ್ದಕ್ಕೂ ಒಂದೂ ಮಾತಿಲ್ಲ.

ಅದೇ ವರ್ಷ ಮಗ ತರಗತಿಯಲ್ಲಿ ನನ್ನ ಮೇಜಿನ ಮೇಲೆ ಒಂದು ರಜಾ ಅರ್ಜಿ ಇಟ್ಟ. ‘ನಾಳೆ ನಮ್ಮ ತಾಯಿಯವರ ಶ್ರಾದ್ದ ಇರುವುದರಿಂದ ಒಂದು ದಿನದ ರಜೆಯನ್ನು ದಯಪಾಲಿಸಬೇಕಾಗಿ ವಿನಂತಿ.’ ಕೆಳಗೆ ಪೋಷಕರ ಸಹಿಗೆ ಜಾಗ ಬಿಟ್ಟಿದ್ದ. ಪೋಷಕನೂ ನಾನೇ, ತರಗತಿಯ ಉಪಾಧ್ಯಾಯನೂ ನಾನೇ. ಮಕ್ಕಳು ಮುಸಿಮುಸಿ ನಕ್ಕರು. ಸ್ವಂತ ಮಗನಿಗೆ ರಿಯಾಯಿತಿ ತೋರಿಸಿದನೆಂದು ಯಾರೂ ಹೇಳಬಾರದೆಂಬ ಹಟ ನನಗೆ. ಕೆಂಪು ಶಾಯಿಯಲ್ಲಿ ‘ಶ್ರಾದ್ದ’ ಎಂಬುದನ್ನು ‘ಶ್ರಾದ್ಧ’ ಎಂದು ತಿದ್ದಿದೆ. ಪೋಷಕನಾಗಿ ಸಹಿ ಹಾಕಿದೆ. ಉಪಾಧ್ಯಾಯನಾಗಿ ‘ಅರ್ಧ ದಿನ ಮಾತ್ರ’ ಎಂದು ಬರೆದೆ. ಮರುದಿನ ಬೆಳಗ್ಗೆ ಕಾರ್ಯ ಮುಗಿಸಿ, ಮಧ್ಯಾಹ್ನ ಇಬ್ಬರೂ ಶಾಲೆಗೆ ಹೋದೆವು.

ಈ ಘಟನೆಯನ್ನು ನಾನು ಮರೆತೇ ಬಿಟ್ಟಿದ್ದೆ. ನೆನಪಿಸಿದವನು ಮಗ. ಮೊಮ್ಮಗಳು ಪಟ್ಟಿ ಓದಿ ಮುಗಿಸಿದಾಗ ಅವನು, “ನಿಮ್ಮ ತಾತನೂ ಬಹಳ ತಪ್ಪು ಹುಡುಕುತ್ತಿದ್ದರು” ಎಂದು ನಗುತ್ತ ಈ ಅರ್ಜಿಯ ಕಥೆಯನ್ನು ಹೇಳಿದ. ಅವಳು ಬಿದ್ದುಬಿದ್ದು ನಕ್ಕಳು. ನಾನೂ ನಕ್ಕೆ. ಅವಳು ಒಳಗೆ ಹೋದ ಮೇಲೆ ಅವನು ತಗ್ಗಿದ ದನಿಯಲ್ಲಿ, “ನೀವು ತಿದ್ದಿದ್ದು ಸರಿಯಾಗಿಯೇ ಇತ್ತು ಅಪ್ಪ, ಮಹಾಪ್ರಾಣ ಬಿಟ್ಟಿದ್ದೆ. ಆದರೆ ಇಡೀ ದಿನ ಯಾಕೆ ಕೇಳಿದ್ದೆ ಗೊತ್ತಾ? ನನಗೆ ರಜೆ ಸಿಕ್ಕಿದರೆ ನೀವೂ ಹಾಕುತ್ತೀರಿ, ಮಧ್ಯಾಹ್ನ ಕೂತು ಅಮ್ಮನ ವಿಷಯ ಕೇಳಬೇಕು ಅಂದುಕೊಂಡಿದ್ದೆ” ಎಂದ.

ಅವನಿಗೀಗ ಐವತ್ಮೂರು ವರ್ಷ. ನಾನು ಏನೂ ಉತ್ತರ ಕೊಡಲಾರದೆ ಕುಳಿತೆ. ಮಾತು ತಲುಪಿಸಲು ಅಕ್ಕನೂ ಈಗಿಲ್ಲ.

ಅದೇ ಅನಂತನಾಗ್ ಸುಮಾರು ಮೂವತ್ತು ವರ್ಷಗಳ ನಂತರ, 2016ರಲ್ಲಿ, ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಮತ್ತೊಮ್ಮೆ ವಿಧುರ ತಂದೆಯಾದರು. ಆ ವೆಂಕೋಬರಾವ್ ಮರೆವಿನ ಕಾಯಿಲೆಯವರು. ಅವರು ಕಾಣೆಯಾದ ಮೇಲೆ ಮಗ ಹುಡುಕುತ್ತ ಅಲೆಯುತ್ತಾನೆ. ತನ್ನ ತಂದೆ ಎಂಥವರು, ತಾಯಿಯನ್ನು ಎಷ್ಟು ಪ್ರೀತಿಸಿದ್ದರು ಎಂಬುದು ಅವನಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯೆಯ ಬಾಯಿಂದ ತಿಳಿಯುತ್ತದೆ. ಅಲ್ಲಿಯೂ ನಡುವೆ ಒಬ್ಬರು ಬೇಕಾಯಿತು. ನನಗಿನ್ನೂ ಮರೆವು ಬಂದಿಲ್ಲ. ಬರುವ ಮುನ್ನ ಹೇಳಬೇಕಾದ್ದನ್ನು ನಾನೇ ಹೇಳಬೇಕೆಂದು ತೋರಿತು.

ಆ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಹೇಳಿದೆ. ದೊಡ್ಡ ಮಾತುಗಳೇನೂ ಅಲ್ಲ. ನನಗೆ ಕೂಡುವ ಲೆಕ್ಕದಲ್ಲಿ ಯಾವಾಗಲೂ ಎಡವಟ್ಟು. ಮದ್ದೂರಿನ ದಿನಗಳಲ್ಲಿ ನಾನು ತಿದ್ದಿದ ಉತ್ತರಪತ್ರಿಕೆಗಳ ಅಂಕಗಳನ್ನು ಲಾಟೀನಿನ ಬೆಳಕಿನಲ್ಲಿ ಮತ್ತೊಮ್ಮೆ ಕೂಡಿ ನೋಡುತ್ತಿದ್ದವಳು ಅವನ ತಾಯಿ. ಮೂವತ್ತ್ಮೂರು, ಮೂವತ್ತ್ನಾಲ್ಕಕ್ಕೆ ನಿಂತ ಪತ್ರಿಕೆ ಸಿಕ್ಕಿದರೆ ಪಕ್ಕಕ್ಕೆ ಎತ್ತಿಡುತ್ತಿದ್ದಳು. “ಇದನ್ನ ಇನ್ನೊಂದ್ಸಲ ಓದಿ, ಪಾಪ, ಏನೋ ಬರೆದಿದೆ ಮಗು” ಎನ್ನುತ್ತಿದ್ದಳು. ಓದಿದಾಗ ಹೆಚ್ಚಿನ ಸಲ ನಾನೇ ಒಂದು ಸರಿಯುತ್ತರವನ್ನು ನೋಡದೆ ಬಿಟ್ಟಿರುತ್ತಿದ್ದೆ. ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಆಕೆ ಈ ಕೆಲಸ ಮಾಡುತ್ತಿದ್ದಳು. ಅವನಿಗೆ ಅದು ನೆನಪಿರಲಿಲ್ಲ. “ನಾನಿದ್ದೆನಾ ಅಲ್ಲಿ?” ಎಂದು ಎರಡು ಸಲ ಕೇಳಿದ. ಇದ್ದೆ ಎಂದೆ.

ಮೊಮ್ಮಗಳು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಈ ಸಲ ಕೈಯಲ್ಲಿ ಪೆನ್ಸಿಲು ಇರಲಿಲ್ಲ.

1980ಕ್ಕೆ ಮೊದಲು ಮದ್ದೂರಿನಲ್ಲಿ ನನ್ನ ಬಳಿ ಓದಿದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಕನ್ನಡದಲ್ಲಿ ಸರಿಯಾಗಿ ಮೂವತ್ತೈದು ಅಂಕ ಪಡೆದು ಮುಂದಿನ ತರಗತಿಗೆ ದಾಟಿದವರು ನಿಮ್ಮಲ್ಲಿ ಕೆಲವರಾದರೂ ಇರಬೇಕು. ಆ ಒಂದು, ಎರಡು ಅಂಕ ಯಾರು ಕೊಡಿಸಿದ್ದೆಂದು ಈಗ ನಿಮಗೂ ತಿಳಿಯಿತು.