ಶಾಲೆಯ ಹಳೇ ಸರ್ವರೂ ನಮ್ಮ ಬ್ಯಾಕಪ್ಪೂ

ನಮ್ಮ ಶಾಲೆಯ ಆಫೀಸ್ ರೂಮಿನಲ್ಲಿ ಬೀರುವಿನ ಪಕ್ಕ ಒಂದು ಹಳೇ ಕಂಪ್ಯೂಟರ್ ಇದೆ. ನಾವೆಲ್ಲ ಅದನ್ನು ‘ಸರ್ವರ್’ ಅಂತ ಕರೆಯುತ್ತೇವೆ. ಉಳಿದೆರಡು ಸಿಸ್ಟಮ್‌ಗಳೂ ಪ್ರಿಂಟರೂ ಅದಕ್ಕೇ ಜೋಡಿಸಿಕೊಂಡಿವೆ, ಅಷ್ಟಕ್ಕೇ ಆ ಪದವಿ! ಒಳಗಿರುವುದು ವಿಂಡೋಸ್ 7. ನಮ್ಮಂಥವರಿಗೆ ಅದರ ಭದ್ರತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತುಹೋಯಿತು. ಈಚೆಗೆ ಹಾರ್ಡ್ ಡಿಸ್ಕಿನಿಂದ ಕಟಕಟ ಸದ್ದು ಬೇರೆ. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಎದ್ದೇಳುತ್ತದೋ ಇಲ್ಲವೋ ಅಂತ ನಾವು ಉಸಿರು ಬಿಗಿಹಿಡಿದು ನಿಂತಿರುತ್ತೇವೆ.

“ಸಾರ್, ಮಕ್ಕಳ ವಿವರ ಎಲ್ಲಾ ಎಮಿಸ್‌ನಲ್ಲಿದೆಯಲ್ಲ, ಇನ್ನೇನು ಬ್ಯಾಕಪ್?” ಅಂತ ಒಬ್ಬ ಟೀಚರ್ ಕೇಳಿದರು. ಪ್ರಶ್ನೆ ಸರಿಯಾಗೇ ಇದೆ. ಹಾಗಾಗಿ ಮೊದಲು ಕುಳಿತು ಪಟ್ಟಿ ಮಾಡಿದೆವು. ಹೆಸರು, ಹಾಜರಿ, ಟಿ.ಸಿ. ಇವೆಲ್ಲ ಸರ್ಕಾರದ ಹತ್ತಿರವೂ ಇವೆ. ಸುತ್ತೋಲೆ ಕಳೆದರೆ ಪಕ್ಕದ ಶಾಲೆಯಲ್ಲಿ ಕೇಳಬಹುದು. ಆದರೆ ಹದಿನೈದು ವರ್ಷದಿಂದ ನಾವೇ ತಯಾರಿಸಿದ ಕನ್ನಡ ಪ್ರಶ್ನೆಪತ್ರಿಕೆಗಳು, ತಮಿಳಿನಿಂದ ಕನ್ನಡಕ್ಕೆ ತಂದುಕೊಂಡ ಅಭ್ಯಾಸ ಹಾಳೆಗಳು, ವಾರ್ಷಿಕೋತ್ಸವದ ನಾಟಕಗಳು? ತಮಿಳು ಮಾಧ್ಯಮದವರಿಗೆ ಅಂಗಡಿಯಲ್ಲಿ ಗೈಡ್ ಸಿಗುತ್ತದೆ. ನಮ್ಮ ಮಕ್ಕಳಿಗೆ ಬೇಕಾದದ್ದನ್ನು ಬಹುಪಾಲು ನಾವೇ ಬರೆಯಬೇಕು. ಅದು ಹೋದರೆ ಮತ್ತೆ ಬರೆದುಕೊಡುವವರು ಯಾರು?

ಹಳೇ ದಾಖಲೆಗಳೂ ಹಾಗೇ. ತಮಿಳು ಕಲಿಕಾ ಕಾಯ್ದೆ 2006ರಲ್ಲಿ ಬಂತು, ಅದರ ಮೊದಲ ತಂಡದ ಮಕ್ಕಳು 2015-16ರಲ್ಲಿ ಹತ್ತನೇ ತರಗತಿ ತಲುಪಿದರು. ಯಾವ ಮಗು ಯಾವ ಮಾಧ್ಯಮದಲ್ಲಿ, ಯಾವ ಭಾಷೆ ಓದಿತು ಅನ್ನುವುದು ನಮ್ಮ ಕಡೆ ಬರೀ ಒಂದು ಕಾಲಮ್ ಅಲ್ಲ. ಓದು ಮುಗಿಸಿ ಎಷ್ಟೋ ವರ್ಷದ ಮೇಲೆ “ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೆ ಸರ್ಟಿಫಿಕೇಟ್ ಬೇಕು ಸಾರ್” ಅಂತ ಬಂದು ನಿಲ್ಲುವವರಿದ್ದಾರೆ.

ಸರಿ, ಎಲ್ಲಿ ಇಡೋದು? ಪೆನ್ ಡ್ರೈವ್ ಅಂದರು ಒಬ್ಬರು. ಅದು ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ನಂಬಿಕೆಯಿಲ್ಲ, ಜೇಬಿನಿಂದ ಬಿದ್ದರಂತೂ ಕಥೆ ಮುಗಿಯಿತು. ಅದೇ ಕಂಪ್ಯೂಟರಿಗೆ ಇನ್ನೊಂದು ಡಿಸ್ಕ್ ಹಾಕಿ ಎರಡರಲ್ಲೂ ಒಂದೇ ಸಲ ಬರೆಸೋಣ ಅಂದರು ಮತ್ತೊಬ್ಬರು. ಒಂದು ಡಿಸ್ಕ್ ಸತ್ತರೆ ಇನ್ನೊಂದು ಕಾಯುತ್ತದೆ, ನಿಜ. ಆದರೆ ಯಾರಾದರೂ ಫೈಲ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಲೋಕವೆಲ್ಲ ಹರಡಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತ್ತಲ್ಲ, ಅಂಥದ್ದು ಬಂದರೆ ಜೋಡಿಸಿಟ್ಟ ಡಿಸ್ಕೂ ಹೋಗುತ್ತದೆ.

ಕಂಪ್ಯೂಟರ್ ಬಲ್ಲವರು ‘3-2-1’ ಅಂತ ಒಂದು ಸೂತ್ರ ಹೇಳುತ್ತಾರೆ. ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಬೇರೆ ಜಾಗ ಯಾಕೆ ಅಂತೀರಾ? 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿತ್ತು. ನೌಕರರ ಫೈಲುಗಳಿದ್ದ ‘ಜಿ-ಡ್ರೈವ್’ಗೆ ಹೊರಗೆಲ್ಲೂ ಬ್ಯಾಕಪ್ ಇರಲಿಲ್ಲ. 858 ಟೆರಾಬೈಟ್ ಬೂದಿ! ಅಂಥ ಶ್ರೀಮಂತ ದೇಶದಲ್ಲೇ ಹೀಗಾದರೆ ನಮ್ಮ ಬೀರುವಿನ ಪಕ್ಕದ ಪೆಟ್ಟಿಗೆಯ ಗತಿ ಏನು?

ಕಡೆಗೆ ನಾವು ಆರಿಸಿಕೊಂಡದ್ದು ಇದು. ಪಿ.ಟಿ.ಎ. ಹಣದಲ್ಲಿ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಪ್ರತಿ ಶುಕ್ರವಾರ ಒಂದಕ್ಕೆ ಕಾಪಿ, ಮುಗಿದ ಕೂಡಲೇ ತೆಗೆದು ಬೀರುವಿಗೆ. ಇನ್ನೊಂದು ಎಚ್.ಎಂ. ಅವರ ಮನೆಯಲ್ಲಿ, ತಿಂಗಳಿಗೊಮ್ಮೆ ಅದಲು ಬದಲು. ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆ ಗೂಗಲ್ ಡ್ರೈವ್‌ಗೂ ಹೋಗುತ್ತವೆ, ಉಚಿತವಾಗಿ ಸಿಗುವ 15 ಜಿ.ಬಿ. ನಮಗೆ ಧಾರಾಳ. ಮಕ್ಕಳ ಆಧಾರ್, ಫೋನ್ ನಂಬರ್ ಇರುವ ಫೈಲುಗಳನ್ನು ಮಾತ್ರ ಅಲ್ಲಿಗೆ ಹಾಕುವುದಿಲ್ಲ. ಅವನ್ನು 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಡಿಸ್ಕಿನಲ್ಲೇ ಇಡುತ್ತೇವೆ. ಪಾಸ್‌ವರ್ಡ್ ಬರೆದ ಲಕೋಟೆ ಶಾಲೆಯ ಬೀರುವಿನಲ್ಲಿ.

ಇಷ್ಟಾದರೂ ನಮ್ಮವರಿಗೇ ವಿಶೇಷವಾದ ತಲೆನೋವೊಂದಿದೆ. ಹಳೇ ಫೈಲುಗಳೆಲ್ಲ ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿವೆ. ಕಂಪ್ಯೂಟರ್ ಲೆಕ್ಕದಲ್ಲಿ ಅವು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ತೆರೆದರೆ ಬರೀ ಗೋಜಲು. ನಾಳೆ ನಮ್ಮ ಜಾಗಕ್ಕೆ ಬರುವ ಟೀಚರ್ ಅದನ್ನು ‘ಕೆಟ್ಟ ಫೈಲ್’ ಅಂತ ಅಳಿಸಿಬಿಡಬಹುದು. ಅದಕ್ಕೇ ಬ್ಯಾಕಪ್ ಜೊತೆ ಆ ಫಾಂಟ್‌ಗಳನ್ನೂ ಇಟ್ಟಿದ್ದೇವೆ, ಮುಖ್ಯವಾದವನ್ನು ಪಿ.ಡಿ.ಎಫ್. ಮಾಡಿದ್ದೇವೆ, ಬಿಡುವಾದಾಗ ಒಂದೊಂದೇ ಯೂನಿಕೋಡ್‌ಗೆ ಬದಲಾಯಿಸುತ್ತಿದ್ದೇವೆ. ಬದಲಾಯಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಕಣ್ಣಾರೆ ನೋಡಲೇಬೇಕು.

ಇನ್ನೊಂದು ಮಾತು. ಕಾಪಿ ಆಯಿತು ಅಂದರೆ ಬ್ಯಾಕಪ್ ಆಯಿತು ಅಂತಲ್ಲ. ತಿಂಗಳ ಕೊನೆಗೆ ಯಾವುದಾದರೂ ಐದು ಫೈಲ್ ಬೇರೆ ಸಿಸ್ಟಮ್‌ನಲ್ಲಿ ತೆರೆದು ಓದಿ, ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದು ಸಹಿ ಹಾಕುತ್ತೇವೆ. ಅಡ್ಮಿಷನ್ ರಿಜಿಸ್ಟರಿನ ಕಾಗದದ ಪ್ರತಿಯನ್ನಂತೂ ಬಿಡುವ ಮಾತೇ ಇಲ್ಲ.

ಕನ್ನಡ ವಿಭಾಗದಲ್ಲಿ ಮಕ್ಕಳು ಕಡಿಮೆಯಾಗುತ್ತಿರುವಾಗ ಇದೆಲ್ಲ ಯಾರಿಗೆ ಅಂತ ಕೇಳುವವರೂ ಇದ್ದಾರೆ. ಒಂದೇ ಮಗು ಇದ್ದರೂ ಅದಕ್ಕೆ ಪ್ರಶ್ನೆಪತ್ರಿಕೆ ಕನ್ನಡದಲ್ಲೇ ಬೇಕಲ್ಲವೇ? ನಿಮ್ಮ ಶಾಲೆಯ ಸರ್ವರ್ ಹೇಗಿದೆ? ಈ ಶುಕ್ರವಾರವೇ ಒಮ್ಮೆ ನೋಡಿ.