ಶಾಲೆಗೆ ಬಂದ ಮಾತಿನ ಪೆಟ್ಟಿಗೆ

ಪ್ರಾಥಮಿಕ ಶಾಲೆಯೊಳಗೆ ಯಂತ್ರವು ಕಾಲಿಟ್ಟದ್ದು ಈಚೆಗೆ ಎಂದು ಹಲವರು ಭಾವಿಸುತ್ತಾರೆ. ನೆಲದಲ್ಲಿ ಹರಡಿದ ಮರಳಿನ ಮೇಲೆ ಬೆರಳೂರಿ ಅಕ್ಷರ ತಿದ್ದುತ್ತಿದ್ದ ಮಕ್ಕಳ ಕೈಗೆ ಕಲ್ಲಿನ ಪಾಟಿ ಬಂದ ದಿನ ಅದೂ ಹೊಸ ಉಪಕರಣವೇ ಆಗಿತ್ತು. ಕರಿಹಲಗೆ, ಗೋಡೆಯ ಭೂಪಟ, ತಿರುಗುವ ಭೂಗೋಲ ಇವೂ ಒಂದು ಕಾಲಕ್ಕೆ ಬೆರಗಿನ ವಸ್ತುಗಳೇ. ಆದರೆ ಅವೆಲ್ಲ ಮೂಕ ಉಪಕರಣಗಳು. ಮಾತನಾಡುವ ಉಪಕರಣ ಬಂದಾಗ ಮಾತ್ರ ಮಾಸ್ತರರ ಮನಸ್ಸಿನಲ್ಲಿ ಸಣ್ಣದೊಂದು ಅಳುಕು ಹುಟ್ಟಿತು. ಪಾಠವನ್ನು ಇದೇ ಹೇಳುವುದಾದರೆ ತಾವು ಮಾಡಬೇಕಾದುದೇನು?

ಕನ್ನಡ ನಾಡಿನ ಹಳ್ಳಿಯ ಮಕ್ಕಳು ಅಂಥ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಂಡದ್ದು 1975ರ ಆಗಸ್ಟ್ ತಿಂಗಳಿನಿಂದ. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ದೊರೆತದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ. 1976ರ ಜುಲೈ ಮುಗಿಯುತ್ತಲೇ ಆ ಪ್ರಯೋಗವೂ ಮುಗಿಯಿತು. ಕರಾವಳಿಯವರಾದ ನಮಗೆ ಅದು ಕೇವಲ ಸುದ್ದಿಯಾಗಿತ್ತು.

ನಮ್ಮ ಕಡೆಗೆ ಬಂದದ್ದು ಬೇರೊಂದು ಪೆಟ್ಟಿಗೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಸರಕಾರವು ಪ್ರಾಥಮಿಕ ಶಾಲೆಗಳಿಗೆ ರೇಡಿಯೋ ಕೂಡಿದ ಕ್ಯಾಸೆಟ್ ಯಂತ್ರಗಳನ್ನು ಹಂಚಿತು. ನಾನಾಗ ಅಂಕೋಲಾ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಮಕ್ಕಳು ಅದನ್ನು ಮಾತಿನ ಪೆಟ್ಟಿಗೆ ಎಂದು ಕರೆದರು. ದಾಸ್ತಾನು ಪುಸ್ತಕದಲ್ಲಿ ಏರಿದ ವಸ್ತು ಕೆಟ್ಟರೆ ಉತ್ತರ ಕೊಡಬೇಕಾದವರು ಮಾಸ್ತರರಷ್ಟೆ! ಆದ್ದರಿಂದ ಕೆಲವೆಡೆ ಅದು ಬಟ್ಟೆ ಹೊದ್ದು ಕಪಾಟಿನಲ್ಲಿ ಮಲಗಿತು. ಆದರೆ ನಮ್ಮ ಸೀಮೆಯಲ್ಲಿ ಬಳಸದೆ ಇಟ್ಟದ್ದೂ ಕೆಡುತ್ತದೆ. ಕಡಲಿನ ಉಪ್ಪುಗಾಳಿಗೆ ಸೆಲ್ಲುಗಳನ್ನು ತಾಗುವ ತಗಡು ಕಿಲುಬು ಹಿಡಿಯುತ್ತದೆ. ಆಷಾಢದ ಥಂಡಿಗೆ ಕ್ಯಾಸೆಟ್ಟಿನ ಪಟ್ಟಿಯ ಮೇಲೆ ಬೂಷ್ಟು ಬೆಳೆಯುತ್ತದೆ. ವಾರಕ್ಕೆರಡು ಬಾರಿ ತಪ್ಪದೆ ನುಡಿಸುವುದೇ ಅದಕ್ಕೆ ಮದ್ದು ಎಂದು ಬಗೆದು ನಾನು ಹಾಗೆಯೇ ಮಾಡಿದೆ.

ಕ್ಯಾಸೆಟ್ಟಿನ ಪಾಠಗಳು ಸೊಗಸಾಗಿದ್ದವು. ತಿದ್ದಿದ ಕನ್ನಡ, ಹಿನ್ನೆಲೆಯಲ್ಲಿ ಕೊಳಲಿನ ದನಿ. ಆದರೆ ನನ್ನೆದುರು ಕುಳಿತ ಮಕ್ಕಳಲ್ಲಿ ಕೆಲವರ ಮನೆಮಾತು ಕೊಂಕಣಿ. ಇನ್ನು ಕೆಲವರದು ಹಾಲಕ್ಕಿ ಒಕ್ಕಲಿಗರ ಕನ್ನಡ. ಪೆಟ್ಟಿಗೆಯ ಮಾತು ಅವರ ಪಾಲಿಗೆ ಕೈಮಾಡಿದರೂ ನಿಲ್ಲದೆ ಹೋಗುವ ಬಸ್ಸಿನಂತಿತ್ತು. ನಿಲ್ಲಿಸುವ ಗುಂಡಿ ನನ್ನ ಬೆರಳಿನಡಿಯಲ್ಲಿತ್ತು. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ, ಕೇಳಿದ್ದನ್ನು ಮಕ್ಕಳಿಂದ ಅವರವರ ಮಾತಿನಲ್ಲೇ ಹೇಳಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿಸುವಷ್ಟರಲ್ಲಿ ಹತ್ತು ನಿಮಿಷದ ಪಾಠಕ್ಕೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ನನ್ನ ಶ್ರಮ ಕಡಿಮೆಯಾಗುವುದೆಂದು ಹೇಳಿದವರು ಈ ಲೆಕ್ಕವನ್ನು ಹೇಳಿರಲಿಲ್ಲ.

ಆ ಯಂತ್ರದಲ್ಲಿ ಧ್ವನಿಯನ್ನು ಮುದ್ರಿಸಿಕೊಳ್ಳುವ ಗುಂಡಿಯೂ ಒಂದಿತ್ತು. ಬಂದ ಪಾಠಗಳಿಗಿಂತ ನನಗೆ ಹೆಚ್ಚು ಉಪಯೋಗವಾದದ್ದು ಅದೇ. ಮೂರನೆಯ ತರಗತಿಯಲ್ಲಿ ಹಾಲಕ್ಕಿ ಹುಡುಗಿಯೊಬ್ಬಳಿದ್ದಳು. ತನ್ನ ಮಾತಿಗೆ ಉಳಿದವರು ನಗುತ್ತಿದ್ದುದರಿಂದ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಹಾಜರಿ ಕೂಗಿದರೆ ಕೈಯೆತ್ತುವಳೇ ಹೊರತು ಓಗೊಡಳು. ಒಂದು ಶನಿವಾರ ಪೆಟ್ಟಿಗೆಯನ್ನು ಹೊತ್ತು ಅವಳ ಕೊಪ್ಪಕ್ಕೆ ಹೋದೆ. ಅವಳ ಅಜ್ಜಿ ಮೊದಲು ನಾಚಿ, ಆಮೇಲೆ ಯಂತ್ರವನ್ನು ಮರೆತು, ಬಹಳ ಹೊತ್ತು ಹಾಡಿದಳು. ಸೋಮವಾರ ಅದನ್ನು ತರಗತಿಯಲ್ಲಿ ನುಡಿಸಿದೆ. ಕೊಳಲಿನ ದನಿ ಬರುತ್ತಿದ್ದ ಪೆಟ್ಟಿಗೆಯಿಂದಲೇ ಅಜ್ಜಿಯ ದನಿ ಬಂತು. ಯಾರೂ ನಗಲಿಲ್ಲ. ಹಾಡಿನ ನಡುವೆ ಬಂದ ಒಂದು ಶಬ್ದ ಯಾರಿಗೂ ತಿಳಿಯಲಿಲ್ಲ; ಕನ್ನಡ ಓದಿಕೊಂಡ ನನಗೂ ತಿಳಿಯಲಿಲ್ಲ. ಅರ್ಥ ಹೇಳಲು ಆ ಹುಡುಗಿಯೇ ಎದ್ದು ನಿಲ್ಲಬೇಕಾಯಿತು. ಅವಳು ಹೇಳಿದಳು. ಕೆಲವು ದಿನಗಳ ಮೇಲೆ ಹಾಜರಿಗೂ ಓಗೊಡತೊಡಗಿದಳು.

ಪಠ್ಯದಲ್ಲಿಲ್ಲದ ಹಾಡೇಕೆ ಎಂದು ಆಗ ಕೇಳಿದ ಹಿರಿಯರೂ ಇದ್ದರು. ಅಂಥ ಹಾಡುಗಳ ಭಂಡಾರವೆನಿಸಿದ್ದ ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. 2025ರಲ್ಲಿ ಅವರು ತೀರಿಕೊಂಡರು. ಅವರ ಹಾಡುಗಳಲ್ಲಿ ಎಷ್ಟೋ ಧ್ವನಿಮುದ್ರಣದಲ್ಲಿ ಉಳಿದಿವೆ ಎಂಬುದು ಸಣ್ಣ ಸಮಾಧಾನವಲ್ಲ.

ಮುಂದೆ 2000ದ ದಶಕದಲ್ಲಿ ಆಕಾಶವಾಣಿಯಿಂದ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’ ಎಂಬ ಪಾಠಗಳು ಬಂದವು. ರೇಡಿಯೋ ಮಕ್ಕಳಿಗೆ ಪ್ರಶ್ನೆ ಕೇಳಿ ಉತ್ತರಕ್ಕಾಗಿ ತುಸು ಸುಮ್ಮನಾಗುತ್ತಿತ್ತು. ಜಾಣತನದ ಏರ್ಪಾಡು, ಮಕ್ಕಳಿಗೆ ಬಲು ಪ್ರೀತಿ. ಆದರೆ ಹಂಚಿನ ಮೇಲೆ ಮಳೆ ಸುರಿದು ಪ್ರಶ್ನೆಯೇ ಕೇಳಿಸದ ದಿನವೂ ರೇಡಿಯೋ ಅಷ್ಟೇ ಹೊತ್ತು ಕಾದು, ಉತ್ತರ ಬಂದಿತೆಂದೇ ಮುಂದೆ ಸಾಗುತ್ತಿತ್ತು. ಪಾಪ, ಅದಕ್ಕೆ ಬಾಯಿತ್ತು, ಕಿವಿಯಿರಲಿಲ್ಲ.

2020ರಲ್ಲಿ ಕೊರೋನಾ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಮಾಸ್ತರರು ಮನೆಯಲ್ಲಿ ಉಳಿದು ಯಂತ್ರವೊಂದೇ ಮಕ್ಕಳ ಬಳಿಗೆ ಹೋಗಬೇಕಾಯಿತು. ನಾನು ನಿವೃತ್ತನಾದದ್ದೂ ಅದೇ ವರ್ಷ. ಮೀನು ಮಾರಲು ಪೇಟೆಗೆ ಹೋಗುವ ತಾಯಿಯೊಡನೆ ಮನೆಯ ಒಂದೇ ಮೊಬೈಲೂ ಹೋಗುತ್ತಿತ್ತು. ಮಗುವಿನ ಪಾಠ ಸಂಜೆಯವರೆಗೆ ಕಾಯುತ್ತಿತ್ತು. ಘಟ್ಟದ ಬುಡದ ಊರುಗಳಲ್ಲಿ ಮಕ್ಕಳು ನೆಟ್‌ವರ್ಕ್ ಅರಸಿ ಗುಡ್ಡ ಹತ್ತಿದರು. ಕಾರವಾರ ತಾಲೂಕಿನ ಕೈಗಾದಲ್ಲಿ 2000ನೆಯ ಇಸವಿಯಿಂದ ಅಣುವಿದ್ಯುತ್ತು ತಯಾರಾಗುತ್ತಿದೆ; ಅಂಥ ಸೀಮೆಯ ಮಕ್ಕಳಿಗೆ ಈ ಪಾಡು! ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭವಾಗಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ದೇವಸ್ಥಾನದ ಜಗಲಿ, ಮರದ ನೆರಳು, ದೂರ ದೂರ ಕುಳಿತ ಮಕ್ಕಳು. ಸೋಂಕಿನ ಭಯದಿಂದ ಅಕ್ಟೋಬರದಲ್ಲಿ ಅದೂ ನಿಂತಿತು. ಆ ತಿಂಗಳುಗಳಲ್ಲಿ ಅಕ್ಷರ ಮರೆತ ಮಕ್ಕಳನ್ನು ನಾನು ಬಲ್ಲೆ.

ಇಷ್ಟಾದರೂ ಯಂತ್ರದ ಮೇಲೆ ನನಗೆ ಮುನಿಸಿಲ್ಲ. ಈಚೆಗೆ ಕಾರವಾರದ ಒಂದು ಶಾಲೆಗೆ ಹೋಗಿದ್ದೆ. ಗೋಡೆಯಷ್ಟಗಲದ ಪರದೆಯ ಮೇಲೆ ಕಡಲಾಮೆಯ ಮರಿಗಳು ಮರಳಿನಿಂದೆದ್ದು ನೀರಿನ ಕಡೆಗೆ ತೆವಳುತ್ತಿದ್ದವು. ಸುಣ್ಣದ ಕಡ್ಡಿ ಹಿಡಿದು ಮೂವತ್ತೈದು ವರ್ಷ ಬರೆದರೂ ನಾನು ಅಂಥದನ್ನು ತೋರಿಸಲಾರದವನು. ಹಿಂದಿನ ಸಾಲಿನಿಂದ ಮೀನುಗಾರರ ಹುಡುಗನೊಬ್ಬ, ತಮ್ಮ ಮನೆಯ ಹಿಂದಿನ ದಂಡೆಯಲ್ಲಿಯೂ ಆಮೆಯ ಮೊಟ್ಟೆ ಸಿಕ್ಕಿತ್ತೆಂದು ಕೂಗಿ ಹೇಳಿದ. ಶಿಕ್ಷಕಿ ಚಿತ್ರವನ್ನು ನಿಲ್ಲಿಸಿ ಅವನನ್ನು ಮುಂದಕ್ಕೆ ಕರೆದರು. ಅವನು ನೆಲದ ಮೇಲೆ ಮಂಡಿಯೂರಿ, ಎರಡೂ ಕೈಗಳಿಂದ ಮರಳು ತೋಡುವಂತೆ ಮಾಡಿ, ಮೊಟ್ಟೆಗಳು ಎಷ್ಟು ಆಳದಲ್ಲಿದ್ದವೆಂದು ತೋರಿಸತೊಡಗಿದ. ತರಗತಿಯೆಲ್ಲ ಅವನ ಸುತ್ತ ನೆರೆಯಿತು. ಪರದೆಯ ಮೇಲೆ ಆಮೆಯ ಮರಿಯೊಂದು ಒಂದು ಕಾಲನ್ನೆತ್ತಿ ಹಾಗೆಯೇ ನಿಂತಿತ್ತು.