ಎಡಗಡೆಯದು

ಸೃಷ್ಟಿಕರ್ತನು ಮನುಷ್ಯನಿಗೆ ಹೃದಯವನ್ನು ಒಂದೇ ಕೊಟ್ಟು ಮೂತ್ರಪಿಂಡಗಳನ್ನು ಎರಡು ಕೊಟ್ಟಿರುವುದರಲ್ಲಿ ಯಾವ ಲೆಕ್ಕಾಚಾರವಿದೆಯೋ ನಾನರಿಯೆ. ಹೃದಯವನ್ನು ಕೊಟ್ಟೆನೆಂದು ಸಾರುವ ನಾಯಕರು ಧಾರಾವಾಹಿಗಳಲ್ಲಿ ವಾರವಾರವೂ ಸಿಗುತ್ತಾರೆ. ಕೊಟ್ಟ ಮೇಲೂ ಮುಂದಿನ ಸಂಚಿಕೆಯವರೆಗೆ ಸುಖವಾಗಿಯೇ ಇರುತ್ತಾರೆ. ಮೂತ್ರಪಿಂಡವನ್ನು ಕೊಡುವುದು ಅಷ್ಟು ಕಾವ್ಯಮಯವಾದ ವ್ಯವಹಾರವಲ್ಲ. ಆ ಹೆಸರೇ ಸಭ್ಯರ ಪಂಕ್ತಿಯಲ್ಲಿ ಕೂರುವಂಥದಲ್ಲ. ಆಯುರ್ವೇದದವರ ‘ವೃಕ್ಕ’ವು ನಿಘಂಟಿನಿಂದ ಹೊರಬರಲು ಒಪ್ಪುವುದಿಲ್ಲ, ‘ಮೂತ್ರಕೋಶ’ವೆಂದರೆ ಬೇರೆಯೇ ಅಂಗ. ಕನ್ನಡದ ಅಧ್ಯಾಪಕನಾದ ನಾನೂ ಕೊನೆಗೆ ಎಲ್ಲರಂತೆ ಕಿಡ್ನಿ ಎಂದೇ ಹೇಳತೊಡಗಿದೆ.

ನನ್ನ ಅಕ್ಕನ ಎರಡು ಕಿಡ್ನಿಗಳೂ ಕೆಲಸ ನಿಲ್ಲಿಸಿ ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿ ರಕ್ತವನ್ನು ಶುದ್ಧಿಮಾಡಿಸಿಕೊಂಡು ಬರುತ್ತಿದ್ದಳು. ಎಳನೀರು ವರ್ಜ್ಯ, ಬಾಳೆಹಣ್ಣು ವರ್ಜ್ಯ. ತರಕಾರಿಯನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಚೆಲ್ಲಿದ ಮೇಲೆ ಬೇಯಿಸಬೇಕು. ಎಲ್ಲಕ್ಕಿಂತ ಕಠಿನವಾದುದು ಕುಡಿಯುವ ನೀರಿನ ಲೆಕ್ಕ. ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಇಷ್ಟೇ ಎಂದು ವೈದ್ಯರು ಗೆರೆ ಎಳೆದಿದ್ದರು. ಬೇಸಗೆಯ ಮಧ್ಯಾಹ್ನ ಬಾಯಲ್ಲಿ ಒಂದು ಮಂಜುಗಡ್ಡೆಯ ಚೂರನ್ನಿಟ್ಟುಕೊಂಡು, ಮಕ್ಕಳು ಚೊಂಬನ್ನೆತ್ತಿ ಗಟಗಟನೆ ಕುಡಿಯುವುದನ್ನು ಅವಳು ನೋಡುತ್ತ ಕುಳಿತಿರುವಳು.

ಕೊಡುವವರು ಯಾರು? ಅಮ್ಮನಿಗೂ ಭಾವನಿಗೂ ಸಕ್ಕರೆ ಕಾಯಿಲೆ. ಉಳಿದವನು ನಾನು. ರಕ್ತದ ಗುಂಪು ಕೂಡಿಬಂದಿತು. ಆದರೆ ಅಕ್ಕ ಒಪ್ಪಲಿಲ್ಲ. “ನಿನ್ನ ಹೊಟ್ಟೆ ಕೊಯ್ಯಿಸಿ ನಾನು ನೀರು ಕುಡಿಯಬೇಕೇನೋ?” ಎಂದಳು. ಆ ಮಾತಿಗೆ ಎರಡು ತಿಂಗಳು ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಉತ್ತರ ಹೇಳಿದವಳು ನನ್ನ ಹೆಂಡತಿ. “ಅತ್ತಿಗೆ, ನೀವು ಬೇಡವೆಂದರೆ ಇವರು ಜನ್ಮವೆಲ್ಲ ನನ್ನ ಮುಖ ನೋಡಿ, ಇವಳಿಗಾಗಿ ಅಕ್ಕನನ್ನು ಬಿಟ್ಟೆ ಅಂದುಕೊಳ್ಳುತ್ತಾರೆ. ಅದು ನನಗೆ ಬೇಡ.” ಹೀಗೆಂದ ನನ್ನಾಕೆ ಅದಕ್ಕೂ ಮುಂಚೆ ಎಂಟು ದಿನ ನನ್ನೊಡನೆ ಮಾತು ಬಿಟ್ಟಿದ್ದಳೆಂಬುದನ್ನು ಅಕ್ಕ ಇಂದಿಗೂ ಅರಿಯಳು. ಈ ಲೇಖನದಿಂದ ತಿಳಿದರೆ ತಿಳಿಯಲಿ.

ಆರೋಗ್ಯವಂತನೆಂದು ಸಾಬೀತುಪಡಿಸುವುದು ರೋಗಿಯೆಂದು ಸಾಬೀತುಪಡಿಸುವುದಕ್ಕಿಂತ ಕಷ್ಟದ ಕೆಲಸ. ರಕ್ತವನ್ನು ಹತ್ತಾರು ಸೀಸೆಗಳಿಗೆ ತುಂಬಿದರು. ಇಪ್ಪತ್ತನಾಲ್ಕು ಗಂಟೆಗಳ ಮೂತ್ರವನ್ನು ಡಬ್ಬಿಯಲ್ಲಿ ಶೇಖರಿಸಿ, ಅದನ್ನು ಚೀಲದಲ್ಲಿ ಮರೆಮಾಡಿಕೊಂಡು ಸಿಟಿ ಬಸ್ಸಿನಲ್ಲಿ ಹೋದೆ. ಮನೋವೈದ್ಯರು ಅರ್ಧ ಗಂಟೆ ಮಾತನಾಡಿಸಿದರು. ಅಂಗಗಳ ಮಾರಾಟವನ್ನು ತಡೆಯಲೆಂದು 1994ರಲ್ಲಿ ಮಾಡಿದ ಕಾಯಿದೆಯಂತೆ ಸಂಬಂಧದ ದಾಖಲೆಗಳನ್ನೆಲ್ಲ ಒಪ್ಪಿಸಿದ ಮೇಲೆ, ನನ್ನನ್ನು ಒಬ್ಬನನ್ನೇ ಕೂರಿಸಿಕೊಂಡು, “ಯಾರಾದರೂ ಬಲವಂತ ಮಾಡಿದ್ದಾರೆಯೆ? ಈಗಲೂ ಹಿಂದೆಗೆಯಬಹುದು,” ಎಂದರು. ಆ ಪ್ರಶ್ನೆಯಲ್ಲಿ ದೊಡ್ಡತನವಿತ್ತು. ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ; ಕೇಳಲು ಅಂಜಿದ್ದರು.

ಹೆದರಿಕೆಯನ್ನು ಮರೆಯಲು ನಾನು ಓದಿಗೆ ಶರಣಾದೆ. ಒಂದು ಕಿಡ್ನಿಯಿಂದ ಮನುಷ್ಯನು ಬದುಕಬಲ್ಲನೇ ಎಂಬುದು ಒಂದು ಕಾಲಕ್ಕೆ ನಿಜವಾದ ಸಂದೇಹವಾಗಿತ್ತಂತೆ. ಜರ್ಮನಿಯ ಹೈಡೆಲ್‌ಬರ್ಗಿನ ಗುಸ್ಟಾಫ್ ಸೈಮನ್ ಎಂಬ ಶಸ್ತ್ರವೈದ್ಯನು ಮೊದಲು ನಾಯಿಗಳ ಮೇಲೆ ಪ್ರಯೋಗಮಾಡಿ, 1869ರ ಆಗಸ್ಟ್ 2ರಂದು ಒಬ್ಬ ಹೆಂಗಸಿನ ಕಿಡ್ನಿಯನ್ನು ತೆಗೆದನು, ಆಕೆ ಬದುಕಿದಳು. ಕೊಡುವುದರ ಕಥೆ 1954ರ ಡಿಸೆಂಬರ್ 23ರದು. ಅಂದು ಬಾಸ್ಟನ್ ನಗರದಲ್ಲಿ ರೊನಾಲ್ಡ್ ಹೆರಿಕ್ ಎಂಬ ತರುಣನ ಕಿಡ್ನಿಯನ್ನು ಅವನ ಅವಳಿ ಸೋದರ ರಿಚರ್ಡನಿಗೆ ಜೋಡಿಸಿದರು. ಹಿಂದಿನ ರಾತ್ರಿ ರಿಚರ್ಡನು, ಮನೆಗೆ ಹೊರಟುಹೋಗು ಎಂದು ಚೀಟಿ ಕಳಿಸಿದನಂತೆ. ಬಂದಾಗಿದೆ, ಇಲ್ಲಿಯೇ ಇರುತ್ತೇನೆ ಎಂದು ಇವನು ಉತ್ತರ ಬರೆದನಂತೆ. ರಿಚರ್ಡನು ಎಂಟು ವರ್ಷ ಬದುಕಿದನು. ಕೊಟ್ಟವನು 2010ರವರೆಗೆ ಇದ್ದು, ಗಣಿತದ ಮೇಷ್ಟ್ರಾಗಿ ಕೆಲಸಮಾಡಿದನೆಂದು ಓದಿದಾಗ ನನಗಾದ ಧೈರ್ಯ ಅಷ್ಟಿಷ್ಟಲ್ಲ. ಮೇಷ್ಟ್ರುಗಳಿಗೆ ಒಂದು ಸಾಕಾಗುತ್ತದೆಂದಾಯಿತಲ್ಲ!

ಎರಡರಲ್ಲಿ ಯಾವುದನ್ನು ತೆಗೆಯುವುದು? ಪರೀಕ್ಷೆಯಲ್ಲಿ ನನ್ನ ಎಡಗಡೆಯದು ನೂರಕ್ಕೆ 48ರಷ್ಟು, ಬಲಗಡೆಯದು 52ರಷ್ಟು ಕೆಲಸ ಮಾಡುತ್ತಿದ್ದುವು. ಎಡಗಡೆಯದರ ರಕ್ತನಾಳ ತುಸು ಉದ್ದ, ಜೋಡಿಸಲು ಅನುಕೂಲ. ಅದೂ ಅಲ್ಲದೆ, ಹೆಚ್ಚು ಕಡಮೆಯಿದ್ದರೆ ಉತ್ತಮವಾದುದನ್ನು ಕೊಡುವವನಿಗೇ ಉಳಿಸಬೇಕೆಂಬುದು ವೈದ್ಯರ ನಿಯಮ. ನನಗೆ ಕಠೋಪನಿಷತ್ತಿನ ವಾಜಶ್ರವಸನ ನೆನಪಾಯಿತು. ಹಾಲು ಬತ್ತಿದ ಹಸುಗಳನ್ನು ದಾನಕ್ಕಿಟ್ಟನೆಂದು ಅವನನ್ನು ಮಗನೇ ಆಕ್ಷೇಪಿಸಿದನಷ್ಟೆ. ವೈದ್ಯಶಾಸ್ತ್ರವು ಈ ವಿಷಯದಲ್ಲಿ ತಂದೆಯ ಪಕ್ಷ. ನನ್ನ ಸಹೋದ್ಯೋಗಿಯೊಬ್ಬರು ನನ್ನನ್ನು ಕರ್ಣನೆಂದು ಕರೆದರು. ಕರ್ಣನು ಅರಿವಳಿಕೆಯಿಲ್ಲದೆ ತಾನೇ ಕೊಯ್ದುಕೊಟ್ಟವನು, ಅದೂ ವೇಷ ಮರೆಸಿಕೊಂಡು ಬಂದ ಪರಕೀಯನಿಗೆ. ನಾನು ಕೊಟ್ಟುದು ಚಿಕ್ಕಂದಿನಲ್ಲಿ ನನ್ನ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವಳಿಗೆ.

ಹಿಂದಿನ ರಾತ್ರಿ ಔಷಧಿಯ ಸಾಬೂನಿನಿಂದ ಸ್ನಾನ, ಮಧ್ಯರಾತ್ರಿಯಿಂದ ಉಪವಾಸ. ಬೆಳಿಗ್ಗೆ ವೈದ್ಯರು ಹೊಟ್ಟೆಯ ಎಡಭಾಗದಲ್ಲಿ ಬಾಣದ ಗುರುತನ್ನು ಬರೆದರು. ಆಮೇಲೆ ನಡೆದುದನ್ನು ನಾನು ವರ್ಣಿಸಲಾರೆ, ನಿದ್ರಿಸುತ್ತಿದ್ದೆ.

ಎಚ್ಚರವಾದಾಗ ಗಂಟಲು ಒಣಗಿ ಉರಿಯುತ್ತಿತ್ತು. ಪಕ್ಕೆಯನ್ನೆಲ್ಲ ಸೀಳುವ ಹಳೆಯ ಪದ್ಧತಿಯ ಬದಲಾಗಿ ಈಗ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ, ಸಣ್ಣ ರಂಧ್ರಗಳಲ್ಲಿ ದುರ್ಬೀನನ್ನೂ ಉಪಕರಣಗಳನ್ನೂ ತೂರಿಸಿ ಕೆಲಸ ಮಾಡುತ್ತಾರೆ. ಕಿಡ್ನಿಯನ್ನು ಹೊರತೆಗೆಯಲು ಕಿಬ್ಬೊಟ್ಟೆಯಲ್ಲಿ ಮಾತ್ರ ಸ್ವಲ್ಪ ದೊಡ್ಡ ಗಾಯ. ವಿಚಿತ್ರವೆಂದರೆ ನನಗೆ ಗಾಯಕ್ಕಿಂತ ಭುಜ ಹೆಚ್ಚು ನೋಯುತ್ತಿತ್ತು. ಉಳಿದ ಅನಿಲವು ವಪೆಯನ್ನು ಕೆಣಕುತ್ತದೆ; ವಪೆಯ ನರವು ಕತ್ತಿನಿಂದ ಬರುವುದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ದಾದಿ ವಿವರಿಸಿದರು. ಮರುದಿನವೇ ಎಬ್ಬಿಸಿ ನಡೆಸಿದರು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬನ್ನೊತ್ತಿಕೊಳ್ಳಬೇಕು. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಆಟಿಕೆಯೊಂದನ್ನು ಕೊಟ್ಟು, ಉಸಿರೆಳೆದು ಚೆಂಡುಗಳನ್ನು ಮೇಲೇರಿಸಿ ಎಂದರು. ಎರಡು ಏರಿದುವು, ಮೂರನೆಯದು ನಾಲ್ಕು ದಿನ ಅಲುಗಲಿಲ್ಲ. ದೊಡ್ಡ ವೈದ್ಯರು ದಿನವೂ ಪರಿವಾರಸಮೇತ ಬಂದು, “ಗಾಳಿ ಹೋಯಿತೇ, ಮೇಷ್ಟ್ರೇ?” ಎಂದು ಗಂಭೀರವಾಗಿ ಕೇಳುವರು. ಹೋಯಿತೆಂದು ಹೇಳಿದ ದಿನ ಎಲ್ಲರ ಮುಖದಲ್ಲೂ ಕಂಡ ಸಂತೋಷವನ್ನು ನಾನು ಎಂ.ಎ. ಪಾಸಾದಾಗಲೂ ಕಂಡಿರಲಿಲ್ಲ.

ಮೂರನೆಯ ದಿನ ಗಾಜಿನ ಆಚೆ ಅಕ್ಕನನ್ನು ನೋಡಿದೆ. ಸೋಂಕು ತಗಲಬಾರದೆಂದು ಅವಳನ್ನು ಪ್ರತ್ಯೇಕವಾಗಿ ಇರಿಸಿದ್ದರು. ಹೊಸ ಕಿಡ್ನಿ ಅವಳ ಕಿಬ್ಬೊಟ್ಟೆಯ ಬಲಗಡೆ ಕುಳಿತು, ಜೋಡಿಸಿದೊಡನೆಯೇ ಕೆಲಸಕ್ಕೆ ತೊಡಗಿತ್ತು. ಹಳೆಯವೆರಡನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದರಿಂದ ಅವಳಿಗೆ ಈಗ ಮೂರು, ನನಗೆ ಒಂದು. ಅವಳ ಮುಖದ ಬೂದಿಬಣ್ಣ ಹೋಗಿತ್ತು. ನಾನೋ ಪಕ್ಕೆ ಹಿಡಿದು ಬಾಗಿ ನಿಂತಿದ್ದೆ. ನೋಡಿದವರು ನನ್ನನ್ನೇ ರೋಗಿಯೆನ್ನಬೇಕು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕೆಂದು ಅವಳಿಗೆ ಆಜ್ಞೆಯಾಗಿತ್ತು. ನನ್ನನ್ನು ಕಂಡು ಲೋಟವನ್ನೆತ್ತಿದಳು, ಕುಡಿಯಲಾರದೆ ಕೆಳಗಿಟ್ಟು ಅತ್ತಳು, ಮತ್ತೆ ಎತ್ತಿ ಪೂರ್ತಿ ಕುಡಿದಳು.

ಐದನೆಯ ದಿನ ನಾನು ಮನೆಗೆ ಬಂದೆ. ಆರು ವಾರ ಭಾರ ಎತ್ತಕೂಡದು. ನಾಲ್ಕು ವರ್ಷದ ಮಗಳಿಗೆ ಇದನ್ನು ತಿಳಿಸುವುದು ಸುಲಭವಾಗಲಿಲ್ಲ. ಕೊನೆಗೆ ಅವಳೇ ಸೋಫಾ ಹತ್ತಿ ನನ್ನ ಎತ್ತರಕ್ಕೆ ಬಂದು ಕತ್ತನ್ನು ತಬ್ಬಿಕೊಳ್ಳುವ ಉಪಾಯ ಕಂಡುಹಿಡಿದಳು. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗುವಂತಿಲ್ಲ. ಅವುಗಳಲ್ಲಿ ಕೆಲವು ಕಿಡ್ನಿಗೆ ಕೆಡುಕು. ಉಳಿದ ಒಂದು ದೊಡ್ಡದಾಗಿ ಬೆಳೆದು, ಮೊದಲು ಎರಡೂ ಕೂಡಿ ಮಾಡುತ್ತಿದ್ದ ಕೆಲಸದಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ವಹಿಸಿಕೊಳ್ಳುತ್ತದಂತೆ. ಅವಿಭಕ್ತ ಕುಟುಂಬದಲ್ಲಿ ಇಂಥ ಸೊಸೆಯರನ್ನು ನಾವು ಕಂಡಿದ್ದೇವೆ.

ದೇಹ ಎರಡು ತಿಂಗಳಲ್ಲಿ ಸರಿಹೋಯಿತು. ಸರಿಹೋಗದಿದ್ದುದು ಬೇರೊಂದು. ಅಕ್ಕ ನನ್ನನ್ನು ಬೈಯುವುದನ್ನು ನಿಲ್ಲಿಸಿದ್ದಳು. ನನ್ನ ಅಂಗಿ, ನನ್ನ ಕೂದಲು, ಊಟದಲ್ಲಿ ಪಲ್ಯ ಬಿಡುವ ನನ್ನ ಚಾಳಿ, ಎಲ್ಲವೂ ಅವಳಿಗೆ ಒಮ್ಮೆಗೇ ಸರಿಯಾಗಿ ಕಾಣತೊಡಗಿದುವು. ಹಬ್ಬಕ್ಕೆ ಹೋದರೆ ಭಾವ ಎದ್ದು ಕುರ್ಚಿ ಕೊಡುವರು. ಕನ್ನಡದಲ್ಲಿ ‘ಹಂಗು’ ಎಂಬ ಮಾತಿದೆ. ಋಣವನ್ನಾದರೂ ತೀರಿಸಬಹುದು, ಹಂಗನ್ನು ಹೊರಬೇಕಷ್ಟೆ. ನೂರೈವತ್ತು ಗ್ರಾಂ ತೂಗುವ ವಸ್ತುವಿನೊಡನೆ ಅಷ್ಟು ಭಾರವನ್ನೂ ಅವಳಿಗೆ ದಾಟಿಸಿಬಿಟ್ಟೆನೇ ಎಂದು ಎಷ್ಟೋ ರಾತ್ರಿ ಹೊರಳಾಡಿದ್ದೇನೆ. ಹೇಳಿ ಪರಿಹರಿಸುವ ವಿಷಯವೂ ಅಲ್ಲ. ಹಂಗಿಲ್ಲವೆಂದು ಬಾಯಿಬಿಟ್ಟರೆ ಅದೇ ಒಂದು ಹಂಗು.

ವರ್ಷಕ್ಕೊಮ್ಮೆ ರಕ್ತ, ಮೂತ್ರ, ರಕ್ತದೊತ್ತಡಗಳ ಪರೀಕ್ಷೆ ನನಗೂ ಕಡ್ಡಾಯ. ಮೊದಲ ವರ್ಷ ತುಂಬಿದಾಗ, ಪದೇ ಪದೇ ತಪಾಸಣೆಗೆ ಹೋಗಬೇಕಾದ ಅಕ್ಕನ ಜೊತೆಯಲ್ಲೇ ಹೋದೆ. ಇಬ್ಬರ ವರದಿಗಳೂ ಒಟ್ಟಿಗೆ ಬಂದುವು. ಕಿಡ್ನಿಯ ಕೆಲಸವನ್ನು ಅಳೆಯುವ ಕ್ರಿಯಾಟಿನೈನ್ ಎಂಬ ಅಂಕಿ, ಕಡಮೆಯಿದ್ದಷ್ಟೂ ಒಳ್ಳೆಯದು, ನನ್ನದು 1.3, ಅವಳದು 1.1. ಅಕ್ಕ ಕನ್ನಡಕವನ್ನು ಮೇಲೆ ಸರಿಸಿ ಎರಡು ಕಾಗದಗಳನ್ನೂ ಹೋಲಿಸಿದಳು.

“ನೋಡೋ, ನಿನ್ನದಕ್ಕಿಂತ ನನ್ನದೇ ಚೆನ್ನಾಗಿದೆ. ಸರಿಯಾಗಿ ನೀರು ಕುಡಿ ಅಂದರೆ ಕೇಳುತ್ತೀಯಾ ನೀನು? ಆ ಅಂಗಿಯನ್ನಾದರೂ ಇಸ್ತ್ರಿ ಮಾಡಿಸಬಾರದೇ?”

ಆಸ್ಪತ್ರೆಯ ಮೆಟ್ಟಿಲು ಇಳಿಯುವವರೆಗೂ ಬೈಗುಳ ನಿಲ್ಲಲಿಲ್ಲ.